ತಮ್ಮ ಪಿಜಿ ರೆಸಿಡೆಂಟ್, ವರ್ಷದಿಂದ ಕೋವಿಡ್ ವಾರ್ಡ್ ಡ್ಯೂಟಿ, ಈಗೀಗ ಮಾತೇ ಆಡ್ತಿಲ್ಲ. ಎಂತ ಮಾಡೋದು?

ಶಿರಸಿ_ಅಕ್ಕ | 19 ಮೇ 2021, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಡಾಕ್ಟರುಗಳೂ ಇದ್ದೀರಿ, ಮೆಡಿಕಲ್ ಓದ್ತಿರೋ ಮಕ್ಕಳ ಅಪ್ಪ ಅಮ್ಮಂದಿರೂ ಇದ್ದೀರಿ, ಯಾರಾದ್ರೂ ದಾರಿ ಹೇಳ್ತೀರಿ ಅಂತ ಬರೀತಿದೇನೆ. ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಓದಿ.

ನಮ್ಮದು ಶಿರಸಿಯಿಂದ ಒಳಗೆ ಒಂದು ಹಳ್ಳಿ, ಅಡಿಕೆ ತೋಟ. ತಮ್ಮ ಹೊರಜಿಲ್ಲೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಜನರಲ್ ಮೆಡಿಸಿನ್ ಪಿಜಿ, ಅಂದ್ರೆ ಎಂಬಿಬಿಎಸ್ ಆದ್ಮೇಲಿನ ಎಂಡಿ ಮಾಡ್ತಿದಾನೆ, ಹೆಸರು ಬೇಡ. ಸೇರಿದ್ದೇ ಕಳೆದ ವರ್ಷ ಕೋವಿಡ್ ಮಧ್ಯೆ, ಹಾಗಾಗಿ ಪಿಜಿ ಅಂದ್ರೆ ಅವನಿಗೆ ಗೊತ್ತಿರೋದು ಕೋವಿಡ್ ವಾರ್ಡ್ ಮಾತ್ರ. ಹಾರ್ಟ್, ಕಿಡ್ನಿ, ಶುಗರ್ ಕೇಸ್ ಎಲ್ಲ ಕಲೀಬೇಕು ಅಂತ ಆಸೆ ಇಟ್ಕೊಂಡು ಹೋದವನು, ಆ ಓಪಿಡಿಗಳೇ ಎಷ್ಟೋ ತಿಂಗಳು ಬಂದ್ ಇದ್ವು.

ಮೊದಲನೇ ಅಲೆಯಲ್ಲಿ ದಿನಾ ಫೋನ್ ಮಾಡಿ ಎಲ್ಲ ಹೇಳ್ತಿದ್ದ. ಮೈಯೆಲ್ಲ ಮುಚ್ಚೋ ಪಿಪಿಇ ಕಿಟ್ ಹಾಕ್ಕೊಂಡು ಬೆವರಿದ್ದು, ಯಾರೋ ಅಜ್ಜಿ ಗುಣ ಆಗಿ ಹೋಗುವಾಗ ಕೈ ಮುಗಿದಿದ್ದು. ಈ ಏಪ್ರಿಲ್ ಮಧ್ಯದಿಂದ ಬೇರೆಯವನೇ ಆಗಿದಾನೆ. ರಿಂಗ್ ಮಾಡಿದ್ರೆ ಎತ್ತೋದಿಲ್ಲ, ಮೆಸೇಜ್ ಹಾಕಿದ್ರೆ "ಹೂಂ" ಅಷ್ಟೇ, ರಾತ್ರಿ ಎರಡು ಮೂರು ಗಂಟೆಗೆ ವಾಟ್ಸಾಪ್‌ನಲ್ಲಿ ಆನ್‌ಲೈನ್ ಇರ್ತಾನೆ, ಡ್ಯೂಟಿ ಇಲ್ಲದ ದಿನವೂ. ಆಯಿ ತೊಡದೇವು, ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿ ಆ ಕಡೆ ಹೋಗೋ ತರಕಾರಿ ಗಾಡಿಯವರ ಹತ್ರ ಕಳಿಸಿದ್ರು, ಅದು ಕಟ್ಟಿದ ಹಗ್ಗ ಸಹ ಬಿಚ್ಚದೇ ಹಾಸ್ಟೆಲ್ ಮೂಲೆಯಲ್ಲಿ ಇದೆ ಅಂತ ಅವನ ಜೊತೆಗಿನ ಪಿಜಿ ಹುಡುಗ ನನಗೆ ಫೋನ್ ಮಾಡಿ ಹೇಳಿದ. ಆ ಹುಡುಗ ತಾನಾಗೇ ಫೋನ್ ಮಾಡಿದ್ದು ನೋಡಿಯೇ ನನಗೆ ಹೆದರಿಕೆ ಆಯ್ತು.

ಮೊನ್ನೆ ಚಂಡಮಾರುತಕ್ಕೆ ನಮ್ಮಲ್ಲಿ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ, ರೇಂಜ್ ಸಿಗಲಿ ಅಂತ ಗುಡ್ಡ ಹತ್ತಿ ನಿಂತಾಗ ಅವನ ಕಾಲ್ ಬಂತು. ತುಂಬ ಹೊತ್ತು ಸುಮ್ನಿದ್ದ. ಆಮೇಲೆ "ಅಕ್ಕ, ರಾತ್ರಿ ಮಲಗಿದವ್ನು ಬೆಳಿಗ್ಗೆ ಏಳದೇ ಇದ್ರೆ ಸಾಕು ಅನ್ಸ್ತದೆ" ಅಂದ. ನಾನು ಎಂತ ಹೇಳಬೇಕು ತಿಳೀದೇ ಊಟ ಮಾಡಿದ್ಯಾ ಅಂತ ಕೇಳಿದೆ, ಕಟ್ ಆಯ್ತು.

ಅಪ್ಪಯ್ಯನ ಹತ್ರ ಹೇಳಿದ್ರೆ "ಡಾಕ್ಟರಾದವ್ನಿಗೆ ಎಂತ ಬೇಜಾರು, ಪೇಷಂಟಿಗೆ ಧೈರ್ಯ ಹೇಳೋನೇ ಹಿಂಗೆ ಕೂತ್ರೆ ಹೆಂಗೆ" ಅಂತಾರೆ. ಆಯಿ ಮಾರಿಕಾಂಬೆಗೆ ಹರಕೆ ಹೊತ್ತಿದಾರೆ. ಇದು ಬರೀ ಸುಸ್ತಾ ಅಥವಾ ಕಾಯಿಲೆಯಾ? ಮಾನಸಿಕ ಡಾಕ್ಟರ ಹತ್ರ ಹೋದ್ರೆ ಮುಂದೆ ಅವನ ಡಿಗ್ರಿಗೆ, ರಿಜಿಸ್ಟ್ರೇಷನ್‌ಗೆ ತೊಂದ್ರೆ ಆಗ್ತದಾ? ಅವನು ಹೆದರೋದು ಅದಕ್ಕೇ ಅಂತ ಆ ಹುಡುಗ ಹೇಳ್ದ. ಲಾಕ್‌ಡೌನ್ ಬೇರೆ, ನಾನು ಹೋಗೋದಾದ್ರೂ ಹೆಂಗೆ?

---

ಕುಮಟಾ_ಇಂಟರ್ನ್ | 19 ಮೇ 2021, ರಾತ್ರಿ 11:55

ಅಕ್ಕಾ ನಾನು ಕುಮಟಾದವಳು, ಬೇರೆ ಊರಲ್ಲಿ ಇಂಟರ್ನ್‌ಶಿಪ್ ಮಾಡ್ತಿದೇನೆ. ನಿಮ್ಮ ಪೋಸ್ಟ್ ಓದಿ ಹಾಸ್ಟೆಲ್ ಕಾರಿಡಾರಲ್ಲೇ ಕೂತು ಬರೀತಿದೇನೆ.

ಕಿಟ್ ಹಾಕಿದ ಮೇಲೆ ಆರು ತಾಸು ನೀರಿಲ್ಲ, ಬಾತ್‌ರೂಮ್ ಇಲ್ಲ, ಅದಕ್ಕೆ ಡ್ಯೂಟಿಗೆ ಮೊದಲೇ ನೀರು ಕುಡಿಯೋದು ನಿಲ್ಲಿಸ್ತೇವೆ. ಗಾಗಲ್ಸ್‌ನಲ್ಲಿ ಮಂಜು ಕಟ್ಟಿ ಎದುರಿಗಿದ್ದವರ ಮುಖ ಕಾಣ್ಸೋದಿಲ್ಲ. ಯಾರು ಯಾರಂತ ಗೊತ್ತಾಗ್ಲಿ ಅಂತ ಬೆನ್ನ ಮೇಲೆ ಮಾರ್ಕರ್ ಪೆನ್ನಲ್ಲಿ ಹೆಸರು ಬರ್ಕೊಳ್ತೇವೆ. ಇದೆಲ್ಲ ಮೈಗೆ ಕಷ್ಟ, ರೂಢಿ ಆಗ್ತದೆ. ಜನ ಇದನ್ನೇ ನೋಡಿ ಅಯ್ಯೋ ಪಾಪ ಅಂತಾರೆ, ಆದ್ರೆ ನಮ್ಮನ್ನ ತಿನ್ನೋದು ಇದಲ್ಲ ಅಕ್ಕ.

ನನಗೆ ಸಂಜೆ ಫೋನ್ ಡ್ಯೂಟಿ ಹಾಕಿದ್ರು. ವಾರ್ಡಲ್ಲಿರೋ ಎಲ್ಲರ ಮನೆಗೂ ಫೋನ್ ಮಾಡಿ ಇವತ್ತು ಸ್ಯಾಚುರೇಷನ್, ಅಂದ್ರೆ ರಕ್ತದಲ್ಲಿ ಆಕ್ಸಿಜನ್ ಮಟ್ಟ ಎಷ್ಟು, ಆಕ್ಸಿಜನ್ ಎಷ್ಟು ಲೀಟರ್ ಹೋಗ್ತಿದೆ, ಊಟ ಮಾಡಿದ್ರಾ ಇಲ್ವಾ ಅಂತ ಹೇಳೋದು. ಮನೆಯವ್ರು ಅದನ್ನ ನೋಟ್‌ಬುಕ್ಕಲ್ಲಿ ಬರ್ಕೊಳ್ತಾರೆ, ಪೆನ್ನು ಹುಡುಕೋ ಸದ್ದು ಈ ಕಡೆ ಕೇಳ್ತದೆ. ಎರಡು ದಿನ ಆದ್ಮೇಲೆ ಅವರಿಗೇ ಎಲ್ಲ ಗೊತ್ತಾಗಿರ್ತದೆ, "ನಿನ್ನೆ 88 ಹೇಳಿದ್ರಲ್ಲ ಮೇಡಂ, ಇವತ್ತು ಎಂತಕ್ಕೆ 84" ಅಂತ ಕೇಳ್ತಾರೆ. ಉತ್ತರ ನನಗೆ ಗೊತ್ತಿರ್ತದೆ, ಹೇಳೋದು ಹೆಂಗೆ ಅಂತ ಯಾರೂ ಕಲಿಸಿಲ್ಲ, ನಾಲ್ಕೂವರೆ ವರ್ಷ ಎಂಬಿಬಿಎಸ್‌ನಲ್ಲಿ ಫೋನಲ್ಲಿ ಸಾವಿನ ಸುದ್ದಿ ಕೊಡೋದು ಹೆಂಗೆ ಅಂತ ಒಂದು ಕ್ಲಾಸ್ ನನಗೆ ಆಗಿಲ್ಲ. ಮತ್ತೆ ಬೆಡ್ಡಿನ ವಿಷಯ. ಹೊರಗೆ ಆಂಬುಲೆನ್ಸ್ ಕಾಯ್ತಿರುವಾಗ ಒಳಗೆ ಒಂದು ಐಸಿಯು ಬೆಡ್ ಖಾಲಿ ಆಯ್ತು ಅಂತ ಗೊತ್ತಾದ್ರೆ ಒಂದು ಕ್ಷಣ ಸಮಾಧಾನ ಆಗ್ತದೆ, ಮರುಕ್ಷಣ ಅದು ಹೆಂಗೆ ಖಾಲಿ ಆಯ್ತು ಅಂತ ನೆನಪಾಗಿ ನನ್ನ ಮೇಲೇ ಅಸಹ್ಯ ಬರ್ತದೆ. ನಿಮ್ಮ ತಮ್ಮ ನನಗಿಂತ ದೊಡ್ಡ ಜವಾಬ್ದಾರಿಯಲ್ಲಿದಾರೆ, ಯಾರಿಗೆ ಬೆಡ್ ಅಂತ ನಿರ್ಧಾರ ಮಾಡೋ ಜಾಗದಲ್ಲಿ.

ಒಂದೇ ಮಾತು ಹೇಳ್ತೇನೆ, ಹೆಂಗಿದೀಯಾ ಅಂತ ಕೇಳ್ಬೇಡಿ, ಅದಕ್ಕೆ ನಮ್ಮ ಬಾಯಲ್ಲಿ "ಆರಾಮ" ಅಂತ ತಾನಾಗೇ ಬರ್ತದೆ. ಇವತ್ತು ವಾರ್ಡಲ್ಲಿ ಯಾರಿದ್ರು, ಏನಾಯ್ತು ಅಂತ ಕೇಳಿ. ಸುಮ್ನಿದ್ರೂ ಫೋನ್ ಇಡಬೇಡಿ. ನಮ್ಮಮ್ಮ ಎಂತದೂ ಕೇಳದೇ ದೋಣಿ ದಡಕ್ಕೆ ಎಳೆದಿದ್ದು, ಬಲೆ ಹರಿದಿದ್ದು, ಬಂಗಡೆ ರೇಟು ಎಲ್ಲ ವಾಯ್ಸ್ ಮೆಸೇಜ್ ಹಾಕ್ತಾ ಇರ್ತಾಳೆ, ಡ್ಯೂಟಿ ಮುಗಿಸಿ ಬಂದು ಅದನ್ನ ಕೇಳ್ತಾ ಮಲಗ್ತೇನೆ.

---

ಡಾ_ಹೊನ್ನಾವರ | 20 ಮೇ 2021, ಬೆಳಿಗ್ಗೆ 6:15

ನಾನು ಮನೋವೈದ್ಯ. ನೋಡದೇ ಇರೋ ವ್ಯಕ್ತಿಗೆ ಇದೇ ಕಾಯಿಲೆ ಅಂತ ಇಲ್ಲಿಂದ ಹೇಳೋದಿಲ್ಲ, ಆದ್ರೆ ನೀವು ಇವತ್ತೇ ಮಾಡಬೇಕಾದ ಕೆಲಸ ಒಂದಿದೆ, ಅದಕ್ಕೇ ಬೆಳಿಗ್ಗೆ ಎದ್ದ ಕೂಡಲೇ ಬರೀತಿದೇನೆ.

ಏಳದೇ ಇದ್ರೆ ಸಾಕು ಅನ್ನೋ ಮಾತನ್ನ ಸುಸ್ತಿನ ಮಾತು ಅಂತ ಬಿಡಬೇಡಿ. ಇವತ್ತು ಫೋನ್ ಮಾಡಿ ನೇರವಾಗಿ ಕೇಳಿ, "ಸಾಯಬೇಕು ಅಂತ ಅನ್ಸ್ತದಾ, ಏನಾದ್ರೂ ಮಾಡ್ಕೊಳ್ಳೋ ಯೋಚನೆ ಬಂದಿದ್ಯಾ" ಅಂತ. ಕೇಳಿದ್ರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗೆ ಆಗ್ತದೆ ಅನ್ನೋ ಹೆದರಿಕೆ ಎಲ್ಲ ಮನೆಯವರಿಗೂ ಇರ್ತದೆ, ಹಾಗೆ ಆಗೋದಿಲ್ಲ. ಎಷ್ಟೋ ಸಲ ಯಾರೋ ಒಬ್ರು ಕೇಳಿದ್ರಲ್ಲ ಅಂತ ಅವರಿಗೆ ಎದೆ ಹಗುರ ಆಗ್ತದೆ. ಹೌದು ಅಂದ್ರೆ ಬೈಬೇಡಿ, ಅಳಬೇಡಿ, ಆಯಿ ಅಪ್ಪಯ್ಯನ ಗತಿ ಏನು ಅಂತ ಶುರು ಮಾಡಬೇಡಿ. ಆ ಜೊತೆಗಿನ ಪಿಜಿ ಹುಡುಗನಿಗೆ ಹೇಳಿ ಇವತ್ತಿಂದ ಅದೇ ರೂಮಲ್ಲಿ ಮಲಗೋ ವ್ಯವಸ್ಥೆ ಮಾಡಿ, ಒಬ್ಬನೇ ಇರೋದು ಬೇಡ. ಯೋಚನೆ ಗಟ್ಟಿಯಾಗಿದೆ, ಹೆಂಗೆ ಏನು ಅಂತ ಲೆಕ್ಕ ಹಾಕಿದಾನೆ ಅಂತ ಗೊತ್ತಾದ್ರೆ ಕಾಯೋದಲ್ಲ, ಆ ಹುಡುಗನೇ ಕೈ ಹಿಡ್ಕೊಂಡು ಅಲ್ಲಿನ ಕ್ಯಾಜುವಾಲ್ಟಿಗೆ ಕರ್ಕೊಂಡು ಹೋಗಲಿ.

ಸುಸ್ತಾ ಕಾಯಿಲೆಯಾ ಅಂತ ಕೇಳಿದ್ರಿ. ಬರೀ ಸುಸ್ತಾದವನು ರಜೆ ಸಿಕ್ಕಿದ್ರೆ ನಿದ್ರೆ ಮಾಡ್ತಾನೆ, ಎದ್ದು ನಿಮ್ಮ ತೊಡದೇವು ತಿಂತಾನೆ. ಡ್ಯೂಟಿ ಇಲ್ಲದ ದಿನವೂ ನಿದ್ರೆ ಬರ್ತಿಲ್ಲ, ತಿನ್ನೋ ಮನಸ್ಸಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಎಲ್ಲ ತನ್ನದೇ ತಪ್ಪು ಅನ್ಸ್ತದೆ, ಇದು ಎರಡು ವಾರಕ್ಕಿಂತ ಹೆಚ್ಚು ನಡೀತಿದೆ ಅಂದ್ರೆ ಅದನ್ನ ನಾವು ಖಿನ್ನತೆ ಅಂತಲೇ ಹಿಡಿದು ಚಿಕಿತ್ಸೆ ಮಾಡ್ತೇವೆ. ಇದು ನಿಮ್ಮ ತಮ್ಮನ ದೌರ್ಬಲ್ಯ ಅಲ್ಲ. ಕೋವಿಡ್ ಬರೋದಕ್ಕೆ ಎಷ್ಟೋ ಮೊದಲೇ, 2015ರಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂದಿತ್ತು. ಬೇರೆ ಬೇರೆ ದೇಶದ 54 ಅಧ್ಯಯನ, 17,560 ಟ್ರೈನಿ ಡಾಕ್ಟರುಗಳು. ಅದರಲ್ಲಿ ಶೇ. 28.8ರಷ್ಟು ಜನರಿಗೆ ಖಿನ್ನತೆ ಅಥವಾ ಅದರ ಲಕ್ಷಣ ಇತ್ತು. ಹೆಚ್ಚು ಕಮ್ಮಿ ಮೂರರಿಂದ ನಾಲ್ಕು ಜನರಲ್ಲಿ ಒಬ್ಬರು, ಅದೂ ಮಾಮೂಲಿ ದಿನಗಳಲ್ಲಿ.

ರಿಜಿಸ್ಟ್ರೇಷನ್ ವಿಷಯ. ಖಿನ್ನತೆಗೆ ಮಾತ್ರೆ ತಗೊಂಡ ಅಂತ ಯಾರ ರಿಜಿಸ್ಟ್ರೇಷನ್ನೂ ಹೋಗೋದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಚಿಕಿತ್ಸೆಯ ವಿವರ ಗೋಪ್ಯವಾಗಿಡೋದು ರೋಗಿಯ ಹಕ್ಕು, ಆ ಹಕ್ಕು ಡಾಕ್ಟರಿಗೂ ಇದೆ. ತನ್ನದೇ ಆಸ್ಪತ್ರೆಯ ಓಪಿಡಿಯಲ್ಲಿ ಚೀಟಿ ಮಾಡಿಸೋಕೆ ಮುಜುಗರ ಅಂದ್ರೆ ಬೇರೆ ಊರಿನವರನ್ನ ವಿಡಿಯೋದಲ್ಲಿ ನೋಡಬಹುದು, ಕಳೆದ ವರ್ಷ ಮಾರ್ಚ್‌ನಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದಿದೆ, ಅಡ್ಡಿ ಇಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮ್ಮ ಜಿಲ್ಲೆಗೆ ಹತ್ತಿರ, ನಿಮ್ಹಾನ್ಸ್ ಸಹಾಯವಾಣಿಯೂ ಇದೆ.

ನ್ಯೂಯಾರ್ಕಿನಲ್ಲಿ ಎಮರ್ಜೆನ್ಸಿ ವಿಭಾಗದ ಮುಖ್ಯಸ್ಥೆ ಆಗಿದ್ದ ಡಾ. ಲೋರ್ನಾ ಬ್ರೀನ್ ಅವರನ್ನ ಕಳೆದ ವರ್ಷ ಏಪ್ರಿಲ್‌ನಲ್ಲಿ ನಾವು ಕಳಕೊಂಡ್ವಿ. ಸಹಾಯ ಕೇಳಿದ್ರೆ ಲೈಸೆನ್ಸ್ ಹೋಗ್ತದೆ, ಕೆಲಸ ಹೋಗ್ತದೆ ಅಂತ ಅವರು ಹೆದರಿದ್ದರು ಅಂತ ಮನೆಯವ್ರು ಆಮೇಲೆ ಹೇಳಿದ್ರು. ನಿಮ್ಮ ತಮ್ಮನ ಹೆದರಿಕೆ ಅದೇ ಜಾತಿಯದ್ದು, ಅದಕ್ಕೇ ಬಿಡಿಸಿ ಬರೆದೆ.

ಕೊನೇದಾಗಿ, ಡಾಕ್ಟರುಗಳು ತಮಗೆ ತಾವೇ ಔಷಧ ಬರ್ಕೊಳ್ತಾರೆ. ನಿದ್ರೆ ಮಾತ್ರೆ ತಗೊಳ್ತಿದಾನಾ ಅಂತಲೂ ಕೇಳಿ, ತಗೊಳ್ತಿದ್ರೆ ಚಿಕಿತ್ಸೆ ಮಾಡೋ ಡಾಕ್ಟರಿಗೆ ಅದನ್ನ ಹೇಳಲೇಬೇಕು.

---

ಭಟ್ಕಳ_ತೀರ | 20 ಮೇ 2021, ಬೆಳಿಗ್ಗೆ 9:30

ಅಕ್ಕ, ಗಾಡಿ ಬೇಕಾದ್ರೆ ಹೇಳಿ. ನಮ್ಮ ಹುಡುಗರು ಲಾಕ್‌ಡೌನ್‌ನಲ್ಲಿ ಪೇಷಂಟುಗಳನ್ನ ಮಣಿಪಾಲ, ಹುಬ್ಬಳ್ಳಿಗೆ ಬಿಡ್ತಿದಾರೆ, ಆಸ್ಪತ್ರೆ ಪೇಪರ್ ಇದ್ರೆ ಚೆಕ್‌ಪೋಸ್ಟಲ್ಲಿ ತಡೆಯೋದಿಲ್ಲ. ಕಳೆದ ವರ್ಷ ನಮ್ಮೂರಲ್ಲಿ ಮೊದಲ ಕೇಸ್‌ಗಳು ಬಂದಾಗ ಊರಿಗೆ ಊರೇ ನಮಗೆ ಬೆರಳು ತೋರಿಸ್ತಿತ್ತು, ಆಗ ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆಯ ಡಾಕ್ಟರುಗಳು ನಮ್ಮವರನ್ನ ಗುಣ ಮಾಡಿ ಕಳಿಸಿದ್ರು. ಡಾಕ್ಟರ ಮನೆಯವ್ರಿಗೆ ಕಷ್ಟ ಅಂದ್ರೆ ನಾವು ಹೆಂಗೆ ಸುಮ್ನಿರೋದು. ಇನ್‌ಬಾಕ್ಸ್ ಮಾಡಿ.

---

ಗಂಗಾವಳಿ_ದಡ | 20 ಮೇ 2021, ಮಧ್ಯಾಹ್ನ 3:05

ನಾನು ಅಂಕೋಲಾ ಕಡೆಯ ಹಳೇ ಡಾಕ್ಟರು, ಈಗ ಪ್ರಾಕ್ಟೀಸ್ ಕಮ್ಮಿ ಮಾಡಿದೇನೆ. ತಂಗಿ, ನಿಮ್ಮ ತಂದೆಯವರ ಮಾತು ನನಗೆ ಅರ್ಥ ಆಗ್ತದೆ, ನನ್ನ ವಯಸ್ಸಿನ ಡಾಕ್ಟರುಗಳೇ ಎಷ್ಟೋ ಜನ ಅದನ್ನೇ ಹೇಳ್ತಾರೆ, "ನಾವು 36 ತಾಸು ಡ್ಯೂಟಿ ಮಾಡಿಲ್ವಾ, ನಮಗೇನಾಯ್ತು" ಅಂತ. ರಾತ್ರಿ ಡ್ಯೂಟಿ ಮಾಡದೇ ಯಾರೂ ಡಾಕ್ಟರ್ ಆಗೋದಿಲ್ಲ, ಆ ಮಾತಿಗೆ ನಾನು ಇವತ್ತೂ ಬದ್ಧ. ಆದ್ರೆ ಈ ಹುಡುಗರದ್ದು ಬೇರೆ ಕಷ್ಟ. ನಮಗೆ ಪುಸ್ತಕ ಇತ್ತು, ತಲೆಯ ಮೇಲೆ ಕೈ ಇಡೋ ಹಿರಿಯರು ವಾರ್ಡಲ್ಲೇ ಇರ್ತಿದ್ರು. ಪೇಷಂಟ್ ಹೋದ್ರೆ ಮನೆಯವ್ರು ಪಕ್ಕದಲ್ಲೇ ಇರ್ತಿದ್ರು, ನಮ್ಮ ಹೆಗಲ ಮೇಲೆ ಅಳ್ತಿದ್ರು, ಎಷ್ಟೋ ಸಲ ಅವ್ರೇ ನಮ್ಮನ್ನ ಸಮಾಧಾನ ಮಾಡಿ ಹೋಗ್ತಿದ್ರು. ಈ ಹುಡುಗರು ಮುಖ ಕಾಣದ ಕಿಟ್ ಒಳಗೆ ನಿಂತು ಒಬ್ಬರೇ ನೋಡ್ತಿದಾರೆ.

ಪುಸ್ತಕದ ಮಾತು ಬಂದಿದ್ದಕ್ಕೆ ಹೇಳ್ತೇನೆ. ಈ ತಿಂಗಳ 17ಕ್ಕೆ ಪ್ಲಾಸ್ಮಾ ಚಿಕಿತ್ಸೆಯನ್ನ, ಅಂದ್ರೆ ಗುಣ ಆದವರ ರಕ್ತದ ಪ್ಲಾಸ್ಮಾ ರೋಗಿಗೆ ಕೊಡೋದನ್ನ, ಕೋವಿಡ್ ಮಾರ್ಗಸೂಚಿಯಿಂದಲೇ ತೆಗೆದುಹಾಕಿದ್ರು. ಅದರಿಂದ ಪ್ರಯೋಜನ ಇಲ್ಲ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಾಡಿದ ಪ್ಲಾಸಿಡ್ ಅಧ್ಯಯನ ಕಳೆದ ಅಕ್ಟೋಬರ್‌ನಲ್ಲೇ ಪ್ರಕಟ ಆಗಿತ್ತು. ಆದ್ರೂ ಈ ಏಪ್ರಿಲ್ ತನಕ ಅದೇ ನಡೀತಿತ್ತು, ಪ್ಲಾಸ್ಮಾ ತನ್ನಿ ಅಂತ ಚೀಟಿ ಬರೆದು ಮನೆಯವರ ಕೈಗೆ ಕೊಟ್ಟೋರು ಯಾರು? ಇಂಥ ಪಿಜಿ ಹುಡುಗರೇ. ಆ ಜನ ಊರೆಲ್ಲ ಅಲೆದು, ಸಾಲ ಮಾಡಿ ತಂದಿದ್ದನ್ನ ಕಣ್ಣಾರೆ ನೋಡಿದವ್ರು. ಈಗ ಅದು ಬೇಡವಾಗಿತ್ತು ಅಂತ ಒಂದು ಸಾಲಿನ ಸುತ್ತೋಲೆ ಬಂದ್ರೆ ಆ ಹುಡುಗನ ಮನಸ್ಸಿಗೆ ಏನಾಗಬೇಡ? ಆದೇಶ ಮಾಡಿದವರು ಯಾರೋ, ರೋಗಿಯ ಮಗನ ಮುಖ ನೋಡೋನು ಇವನು.

ತಂದೆಯವರಿಗೆ ಒಂದು ಮಾತು ಹೇಳಿ. ಅಡಿಕೆಗೆ ಕೊಳೆ ರೋಗ ಬಿದ್ರೆ ಬೋರ್ಡೋ ಔಷಧ ಹೊಡೀತಾರಲ್ಲ, ಮರಕ್ಕೆ ಗಟ್ಟಿಯಾಗಿರು ಅಂತ ಬುದ್ಧಿ ಹೇಳ್ತಾ ಕೂರೋದಿಲ್ಲವಲ್ಲ. ಬೇಕಾದ್ರೆ ನನ್ನ ನಂಬರ್ ಇನ್‌ಬಾಕ್ಸ್‌ನಲ್ಲಿ ಕೊಡ್ತೇನೆ, ತೋಟದ ಕೆಲಸ ಮುಗಿಸಿ ಸಂಜೆ ಫೋನ್ ಮಾಡಲಿ. ಮಗಳ ಮಾತಿಗಿಂತ ಬಿಳಿ ತಲೆಯವನ ಮಾತು ಕೆಲವೊಮ್ಮೆ ಬೇಗ ಇಳೀತದೆ.

---

ಶಿರಸಿ_ಅಕ್ಕ | 27 ಮೇ 2021, ಸಂಜೆ 7:20

ಎಲ್ಲರಿಗೂ ಹೆಂಗೆ ಥ್ಯಾಂಕ್ಸ್ ಹೇಳೋದು ಗೊತ್ತಾಗ್ತಿಲ್ಲ. ಏನಾಯ್ತು ಅಂತ ಹೇಳ್ತೇನೆ.

ಡಾಕ್ಟ್ರು ಹೇಳಿದ ಹಾಗೆ ಅವತ್ತೇ ಗುಡ್ಡ ಹತ್ತಿ ಫೋನ್ ಮಾಡಿದೆ. ನೇರವಾಗಿ ಕೇಳಿದೆ, ಕೇಳುವಾಗ ನನ್ನ ಕೈ ನಡುಗ್ತಿತ್ತು. ಸುಮಾರು ಹೊತ್ತು ಉಸಿರು ಮಾತ್ರ ಕೇಳ್ತಿತ್ತು, ಆಮೇಲೆ ಅತ್ತ. "ಯೋಚನೆ ಬರ್ತದೆ ಅಕ್ಕ, ಆದ್ರೆ ಎಂತದೂ ಮಾಡ್ಕೊಳ್ಳೋದಿಲ್ಲ, ಆಯಿ ನೆನಪಾಗ್ತಾರೆ" ಅಂದ. ಆ ಪಿಜಿ ಹುಡುಗ ಹಾಸಿಗೆ ತಂದು ಅವನ ರೂಮಲ್ಲೇ ಹಾಕಿದಾನೆ. ಧಾರವಾಡ ಕಡೆಯ ಮನೋವೈದ್ಯರೊಬ್ಬರನ್ನ ವಿಡಿಯೋದಲ್ಲಿ ನೋಡಿ ಮಾತ್ರೆ ಶುರು ಮಾಡಿದಾನೆ, ಪರಿಣಾಮ ಕಾಣೋಕೆ ಎರಡರಿಂದ ನಾಲ್ಕು ವಾರ ಬೇಕು, ಮಧ್ಯೆ ಬಿಡಬಾರದು ಅಂದಿದಾರಂತೆ. ನಿದ್ರೆ ಮಾತ್ರೆ ತಗೊಳ್ತಿದ್ದ, ಅದನ್ನೂ ಹೇಳಿದಾನೆ.

ಇಂಟರ್ನ್ ತಂಗಿ ಹೇಳಿದ ಹಾಗೆ ವಾರ್ಡಲ್ಲಿ ಯಾರಿದ್ರು ಅಂತ ಕೇಳಿದೆ, ಆಗ ಬಿಚ್ಚಿದ. ನಮ್ಮ ಸೀಮೆಯ ಮಾಸ್ತರೊಬ್ಬರು ಅಡ್ಮಿಟ್ ಆಗಿದ್ರಂತೆ, ರಿಟೈರ್ ಆದವ್ರು. ಇವನು ಕಿಟ್ ಒಳಗಿಂದ ಮಾತಾಡಿದ್ದು ಕೇಳಿ ಮಾತಿನ ಧಾಟಿಯಲ್ಲೇ ಗುರುತು ಹಿಡಿದು "ಯಾವೂರಾತು ಮಾಣಿ" ಅಂತ ಕೇಳಿದ್ರಂತೆ. ಆಮೇಲೆ ದಿನಾ ಇವನು ಹೋದ ಕೂಡಲೇ ಮಳೆ ಬಂತಾ, ತೋಟಕ್ಕೆ ನೀರಿದ್ಯಾ ಅಂತ ಕೇಳೋರಂತೆ, ಮಾಸ್ಕ್ ಸರಿಸಿ ಕೇಳಬೇಡಿ ಅಂದ್ರೂ ಕೇಳದೇ. ಅವರ ಕನ್ನಡಕ ಶಿಫ್ಟ್ ಮಾಡುವಾಗ ಎಲ್ಲೋ ಕಳೆದುಹೋಗಿತ್ತು, ಹುಡುಕಿಕೊಡು ಅಂತ ಕೇಳ್ತಿದ್ರು, ಇವನಿಗೆ ನಲವತ್ತು ಪೇಷಂಟಿನ ಮಧ್ಯೆ ಹುಡುಕೋಕೆ ಆಗ್ಲಿಲ್ಲ. ವೆಂಟಿಲೇಟರಿಗೆ ಹಾಕಿದ ಮೇಲೆ ಅವರು ಉಳೀಲಿಲ್ಲ. ಸಾಮಾನು ಮನೆಯವರಿಗೆ ಕೊಡೋಕೆ ಪಟ್ಟಿ ಮಾಡುವಾಗ ಬೇರೆ ಬೆಡ್ಡಿನ ಚೀಲದಲ್ಲಿ ಕನ್ನಡಕ ಸಿಕ್ತಂತೆ. ಇಷ್ಟು ಹೇಳೋಕೆ ಅವನಿಗೆ ಒಂದು ತಾಸು ಬೇಕಾಯ್ತು.

ಅಪ್ಪಯ್ಯ ಅಂಕೋಲಾ ಡಾಕ್ಟರ ಹತ್ರ ಮಾತಾಡಿದ್ರು. ಏನು ಮಾತಾಯ್ತೋ ನಮಗೆ ಹೇಳಿಲ್ಲ, ಆದ್ರೆ ಮರುದಿನ ಬೆಳಿಗ್ಗೆ ತಾವೇ ಗುಡ್ಡ ಹತ್ತಿ ಮಗನಿಗೆ ಫೋನ್ ಮಾಡಿ "ಮನೆಗೆ ಬಾ, ಓದು ಆಮೇಲೆ ನೋಡಿದ್ರಾಯ್ತು" ಅಂದ್ರು.

ಈಗ ತೊಂದ್ರೆ ರಜೆಯದ್ದು. ಯೂನಿಟ್ಟಿನ ಹಿರಿಯರು "ಎಲ್ಲರಿಗೂ ಕಷ್ಟ ಇದೆ, ಈಗ ರಜೆ ಕೇಳೋ ಸಮಯ ಅಲ್ಲ" ಅಂದುಬಿಟ್ರಂತೆ. ರಜೆ ಹಾಕಿದ್ರೆ ಕೋರ್ಸ್ ಆರು ತಿಂಗಳು ಎಕ್ಸ್‌ಟೆನ್ಷನ್ ಆಗ್ತದೆ ಅಂತ ಯಾರೋ ಹೆದರಿಸಿದಾರೆ. ಹೌದಾ?

---

ರೆಸಿಡೆಂಟ್_ಕಾರವಾರ | 27 ಮೇ 2021, ರಾತ್ರಿ 11:10

ಕಾರವಾರದವನು, ಫೈನಲ್ ಇಯರ್ ಪಿಜಿ, ಬೇರೆ ಊರಲ್ಲಿ. ಮೊದಲು ರಜೆ ವಿಷಯ ಹೇಳಿಬಿಡ್ತೇನೆ. ಪಿಜಿ ನಿಯಮದಲ್ಲಿ ಬೇಕಾಗಿರೋದು ಶೇ. 80 ಅಟೆಂಡೆನ್ಸ್. ಎರಡು ಮೂರು ವಾರ ಮೆಡಿಕಲ್ ಲೀವ್ ಹೋದ್ರೆ ಅದಕ್ಕೆ ಧಕ್ಕೆ ಆಗೋದಿಲ್ಲ, ಅವರು ಇಡೀ ವರ್ಷ ರಜೆ ಇಲ್ಲದೇ ದುಡಿದಿದಾರೆ ಅಂದ್ರೆ ಇನ್ನೂ ಬೇಕಾದಷ್ಟು ಬಾಕಿ ಇರ್ತದೆ. ಬಾಯಲ್ಲಿ ಕೇಳಬೇಡಿ, ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಇಲ್ಲ ಅಂತಾರೆ. ಚಿಕಿತ್ಸೆ ಮಾಡ್ತಿರೋ ಡಾಕ್ಟರಿಂದ ಮೆಡಿಕಲ್ ಸರ್ಟಿಫಿಕೇಟ್ ತಗೊಂಡು ಎಚ್‌ಒಡಿಗೆ (ವಿಭಾಗದ ಮುಖ್ಯಸ್ಥರಿಗೆ) ಪತ್ರ ಬರೆದು ಪ್ರಿನ್ಸಿಪಾಲರಿಗೆ ಪ್ರತಿ ಹಾಕಿ ಇನ್‌ವರ್ಡ್ ನಂಬರ್ ತಗೊಳ್ಳಿ. ಸರ್ಟಿಫಿಕೇಟಲ್ಲಿ ಕಾಯಿಲೆ ಹೆಸರು ಎಷ್ಟು ಬಿಡಿಸಿ ಬರೀಬೇಕು ಅಂತ ಆ ಡಾಕ್ಟರ ಹತ್ರವೇ ಮಾತಾಡಿ, ವಿಶ್ರಾಂತಿ ಬೇಕು ಅಂತ ಮಾತ್ರ ಬರೆದುಕೊಟ್ಟಿದ್ದು ನಾನು ನೋಡಿದೇನೆ.

ಹಿರಿಯರು ಯಾಕೆ ಹಂಗಂತಾರೆ ಅನ್ನೋದಕ್ಕೂ ಕಾರಣ ಇದೆ, ಬೈಯೋದಕ್ಕೆ ಮೊದಲು ಅದನ್ನೂ ನೋಡಬೇಕು. ಏಪ್ರಿಲ್ 18ಕ್ಕೆ ಆಗಬೇಕಿದ್ದ ಪಿಜಿ ಪ್ರವೇಶದ ನೀಟ್ ಪರೀಕ್ಷೆ ಮುಂದಕ್ಕೆ ಹೋಯ್ತು, ಮೇ 3ಕ್ಕೆ ಇನ್ನೂ ಕನಿಷ್ಠ ನಾಲ್ಕು ತಿಂಗಳು ಇಲ್ಲ ಅಂದ್ರು. ಅಂದ್ರೆ ಫಸ್ಟ್ ಇಯರ್ ಬ್ಯಾಚೇ ಬರೋದಿಲ್ಲ. ಮೂರು ಬ್ಯಾಚ್ ಹೊರಬೇಕಾದ ಭಾರವನ್ನ ಇರೋ ಬ್ಯಾಚ್‌ಗಳೇ ಹೊರಬೇಕು, ಪೇಷಂಟುಗಳೋ ಮಾಮೂಲಿಗಿಂತ ಎಷ್ಟೋ ಪಾಲು. 100 ದಿನ ಕೋವಿಡ್ ಡ್ಯೂಟಿ ಮಾಡಿದ್ರೆ ಪ್ರಧಾನಮಂತ್ರಿ ಹೆಸರಿನ ಸನ್ಮಾನ ಅಂತ ಘೋಷಣೆ ಆಗಿದೆ, ಗೌರವ ಇದೆ, ಆದ್ರೆ ನಮಗೆ ಈಗ ಬೇಕಾಗಿರೋದು ಡ್ಯೂಟಿ ಲಿಸ್ಟಲ್ಲಿ ಇನ್ನೊಂದು ಹೆಸರು. ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ ರೆಸಿಡೆಂಟ್ ಡಾಕ್ಟರುಗಳಿಗೆ ಒಂದು ಸಲಕ್ಕೆ 12 ತಾಸಿಗಿಂತ ಹೆಚ್ಚು, ವಾರಕ್ಕೆ 48 ತಾಸಿಗಿಂತ ಹೆಚ್ಚು ಡ್ಯೂಟಿ ಇರಬಾರದು ಅಂತ ಆದೇಶ ಮಾಡಿದೆ. ನಾನು ಹುಟ್ಟೋದಕ್ಕೆ ಮೊದಲಿನ ಆದೇಶ ಅದು. ಅದನ್ನ ಪಾಲಿಸಿದ ಡ್ಯೂಟಿ ಲಿಸ್ಟ್ ಒಂದನ್ನೂ ನಾನು ಇಲ್ಲಿತನಕ ನೋಡಿಲ್ಲ.

ತಮ್ಮನಿಗೆ ಒಂದು ವಿಷಯ ತಿಳಿಸಿ ಅಕ್ಕ. ಅವನು ರಜೆ ಹೋದ್ರೆ ಬ್ಯಾಚ್‌ಮೇಟ್ಸ್ ಮೇಲೆ ಭಾರ ಬೀಳ್ತದೆ ಅಂತ ಅವನಿಗೆ ಅನ್ಸ್ತಾ ಇರ್ತದೆ, ಖಂಡಿತ ಅನ್ಸ್ತಾ ಇರ್ತದೆ. ಬೀಳ್ತದೆ, ಹೊತ್ಕೊಳ್ತೇವೆ. ನಮ್ಮಲ್ಲಿ ಒಬ್ಬಳಿಗೆ ಹಿಂಗೇ ಆದಾಗ ನಾವು ಹೊತ್ಕೊಂಡ್ವಿ, ಅವಳು ವಾಪಸ್ ಬಂದು ಈಗ ನನ್ನ ಪಕ್ಕದ ವಾರ್ಡ್ ನೋಡ್ತಿದಾಳೆ.

---

ಸಿದ್ದಾಪುರ_ತಂದೆ | 8 ಸೆಪ್ಟೆಂಬರ್ 2024, ರಾತ್ರಿ 9:45

ಹಳೇ ಚರ್ಚೆ ಮತ್ತೆ ಎತ್ತುತ್ತಿದ್ದೇನೆ. ನನ್ನ ಮಗಳು ಮೆಡಿಕಲ್ ಮುಗಿಸಿ ಇಂಟರ್ನ್‌ಶಿಪ್ ಮಾಡ್ತಿದಾಳೆ, ಬೆಂಗಳೂರು ಕಡೆ. ಈಗ ಕೋವಿಡ್ ಇಲ್ಲ, ಆದ್ರೂ ಅದೇ ಸ್ಥಿತಿ. ನಿದ್ರೆ ಇಲ್ಲ, ಫೋನ್ ಎತ್ತೋದಿಲ್ಲ, ಕಳೆದ ವಾರ "ನಾನು ಯಾಕೆ ಬದುಕಿರಬೇಕು" ಅಂತ ಅವಳಮ್ಮನಿಗೆ ಮೆಸೇಜ್ ಹಾಕಿ ಡಿಲೀಟ್ ಮಾಡಿದಾಳೆ. ಬರ್ತೇನೆ ಅಂದ್ರೆ "ಬರಬೇಡ ಅಪ್ಪ, ಎಲ್ಲರೂ ನೋಡ್ತಾರೆ" ಅಂತಾಳೆ. ಮೊನ್ನೆ ಕೋಲ್ಕತ್ತಾದ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಪಿಜಿ ಡಾಕ್ಟರ್ ಹುಡುಗಿಯ ಕೊಲೆ ಆದಮೇಲಂತೂ ನಮಗೆ ಊಟ ಸೇರ್ತಿಲ್ಲ. ಶಿರಸಿಯವರ ತಮ್ಮ ಈಗ ಹೇಗಿದಾರೆ? ನಾನು ಹೋಗಲಾ, ಬೇಡವಾ?

---

ಡಾ_ಹೊನ್ನಾವರ | 8 ಸೆಪ್ಟೆಂಬರ್ 2024, ರಾತ್ರಿ 10:05

ಹೋಗಿ. ಹೊರಡೋ ಮೊದಲು 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ಹಗಲೂ ರಾತ್ರಿಯೂ ಇರ್ತದೆ, ಕನ್ನಡದಲ್ಲೇ ಮಾತಾಡ್ತಾರೆ. ಮಗಳೂ ಮಾಡಬಹುದು, ಮನೆಯವರಾಗಿ ನೀವೂ ಮಾಡಬಹುದು. ಇವತ್ತು ರಾತ್ರಿ ಅವಳ ಜೊತೆ ಯಾರಾದ್ರೂ ಇರೋ ಹಾಗೆ ಮಾಡಿ, ಗೆಳತಿಯೋ ವಾರ್ಡನ್ನೋ ಯಾರಾದ್ರೂ.

ನಿಮ್ಮ ಮಗಳು ಒಬ್ಬಳೇ ಅಲ್ಲ. ಕಳೆದ ತಿಂಗಳು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯ ವರದಿ ಬಂತು. ಸಮೀಕ್ಷೆಯಲ್ಲಿ 25,590 ಎಂಬಿಬಿಎಸ್ ವಿದ್ಯಾರ್ಥಿಗಳು, 5,337 ಪಿಜಿಗಳು ಉತ್ತರ ಕೊಟ್ಟಿದಾರೆ. ಎಂಬಿಬಿಎಸ್‌ನವರಲ್ಲಿ ಶೇ. 27.8ರಷ್ಟು ಜನ ಮಾನಸಿಕ ಕಾಯಿಲೆ ಇದೆ ಅಂತ ಹೇಳಿಕೊಂಡಿದಾರೆ, ಪಿಜಿಗಳಲ್ಲಿ ಶೇ. 31ಕ್ಕೂ ಹೆಚ್ಚು ಜನರಿಗೆ ಸಾಯೋ ಯೋಚನೆ ಬಂದಿದೆ. ರೆಸಿಡೆಂಟುಗಳಿಗೆ ವಾರಕ್ಕೆ 74 ತಾಸು ಮೀರಬಾರದು, ವಾರಕ್ಕೊಂದು ರಜೆ, ದಿನಕ್ಕೆ ಏಳೆಂಟು ತಾಸು ನಿದ್ರೆ ಅಂತ ಶಿಫಾರಸು ಮಾಡಿದಾರೆ. 1992ರಲ್ಲಿ 48 ಇದ್ದಿದ್ದು ಈಗ 74 ಅಂತ ಕೇಳೋ ಸ್ಥಿತಿಗೆ ಬಂದಿದ್ದು ನನಗೆ ಬೇಜಾರು, ಆದ್ರೂ ಅಷ್ಟಾದ್ರೂ ಜಾರಿಗೆ ಬರಲಿ ಅಂತ ನಾವೆಲ್ಲ ಗಲಾಟೆ ಮಾಡಲೇಬೇಕು. ಅಮೆರಿಕದಲ್ಲಿ ಲೋರ್ನಾ ಬ್ರೀನ್ ಹೆಸರಲ್ಲೇ 2022ರಲ್ಲಿ ಕಾನೂನು ಬಂದಿದೆ, ಆರೋಗ್ಯ ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕೆ ಅಂತಲೇ ಹಣ ಇಟ್ಟಿದಾರೆ.

---

ಶಿರಸಿ_ಅಕ್ಕ | 8 ಸೆಪ್ಟೆಂಬರ್ 2024, ರಾತ್ರಿ 10:20

ಅಣ್ಣ, ತಮ್ಮ ಆರಾಮಿದಾನೆ. ಆವತ್ತು ಪತ್ರ ಬರೆದುಕೊಟ್ಟು ಮೂರು ವಾರ ಮನೆಗೆ ಬಂದಿದ್ದ, ಮಾತ್ರೆ ವರ್ಷದ ಹತ್ತಿರ ತಗೊಂಡ, ಡಾಕ್ಟ್ರು ಹೇಳಿದ ಮೇಲೆ ನಿಧಾನ ಬಿಟ್ಟ. ಕಳೆದ ವರ್ಷ ಎಂಡಿ ಮುಗೀತು, ಈಗ ನಮ್ಮ ಜಿಲ್ಲೆಯಲ್ಲೇ ಕೆಲಸ. ಪೂರ್ತಿ ಮೊದಲಿನ ಹಾಗೆ ಅಂತ ಸುಳ್ಳು ಹೇಳೋದಿಲ್ಲ, ಮಧ್ಯೆ ಒಮ್ಮೆ ಮತ್ತೆ ನಿದ್ರೆ ಕೆಟ್ಟಿತ್ತು, ಆಗ ನಾವು ಹೇಳೋದಕ್ಕೆ ಮೊದಲೇ ತಾನೇ ಡಾಕ್ಟರ ಹತ್ರ ಹೋದ.

ನೀವು ಕೇಳ್ತಾ ಕೂರಬೇಡಿ, ಹೊರಡಿ. ನಾಳೆ ಬೆಳಿಗ್ಗೆ ಅಂತ ಬೇಡ, ಬೆಂಗಳೂರಿಗೆ ರಾತ್ರಿ ಗಾಡಿ ಸಿಗದೇ ಇದ್ರೆ ಸಾಗರಕ್ಕೆ ಹೋಗಿ ಅಲ್ಲಿಂದ ನೋಡಿ. ಎಲ್ಲರೂ ನೋಡ್ತಾರೆ ಅಂದ್ರೆ ಹಾಸ್ಟೆಲ್ ಒಳಗೆ ಹೋಗಬೇಡಿ, ಹತ್ತಿರದಲ್ಲಿ ಎಲ್ಲಾದ್ರೂ ರೂಮ್ ಮಾಡಿ, ಬಂದಿದೇನೆ, ನೀನು ಡ್ಯೂಟಿ ಮುಗಿಸಿ ಬಾ, ಕಾಯ್ತೇನೆ ಅಂತ ಮಾತ್ರ ಹೇಳಿ. ಅವಳಮ್ಮನನ್ನೂ ಕರ್ಕೊಂಡು ಹೋಗಿ. ಅಲ್ಲಿ ಯಾವ ಡಾಕ್ಟರನ್ನ ನೋಡೋದು ಅಂತ ತಮ್ಮನಿಗೆ ಗೊತ್ತಿದೆ, ಇದು ಓದಿ ಪಕ್ಕದಲ್ಲೇ ಕೂತಿದಾನೆ, ನಂಬರ್ ನಿಮ್ಮ ಇನ್‌ಬಾಕ್ಸಿಗೆ ಹಾಕ್ತಿದಾನೆ. ಬಸ್ಸು ಹತ್ತಿದ ಮೇಲೆ ಅವನಿಗೆ ಫೋನ್ ಮಾಡಿ, ಎಷ್ಟೊತ್ತಾದ್ರೂ ಎತ್ತುತ್ತಾನೆ.